ಜಗತ್ತಿಗೆಲ್ಲ ಹಬ್ಬ ಕೊಟ್ಟವನ ಮನೆಯಲ್ಲಿ ಹಬ್ಬವಿರಲಿಲ್ಲ!

ಹೋದ ವರ್ಷದ ಡಿಸೆಂಬರ್. ಬೆಳಗಿನ ಆರು ಗಂಟೆ. ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಚಳಿಗೆ ಕೈ ಉಜ್ಜಿಕೊಳ್ಳುತ್ತ ನಿಂತಿದ್ದೆ. ಮಂಗಳೂರಿನ ರಾತ್ರಿ ಬಸ್ಸು ಬಂತು. ಕಂಡಕ್ಟರ್ ಮಹಾಶಯರು ನಿದ್ದೆಗಣ್ಣಿನಲ್ಲೇ ಒಂದು ತಗಡಿನ ಡಬ್ಬ ಕೈಗಿಟ್ಟರು. ಮುಚ್ಚಳಕ್ಕೆ ಸುತ್ತಲೂ ಬಟ್ಟೆ ಕಟ್ಟಿ, ಹೊಲಿದು, ಮೇಲೆ ಹೆಸರು ಬರೆದಿತ್ತು. ಹೆಸರು ನನ್ನದಲ್ಲ, ನನ್ನ ರೂಮ್‌ಮೇಟ್‌ನದು.

ಅವನು ಚಿತ್ರರಂಗದವನೇ. ಆದರೆ ಅವನ ಹೆಸರು ನೀವು ಯಾವ ಪೋಸ್ಟರಿನಲ್ಲೂ ನೋಡಿರಲಾರಿರಿ. ಲೈಟ್‌ಮನ್. ನಿಮ್ಮ ಮೆಚ್ಚಿನ ನಾಯಕನ ಮುಖ ಫಳಫಳ ಹೊಳೆಯುವ ಹಾಗೆ ದೀಪ ಹಿಡಿದು, ತಾನು ಮಾತ್ರ ಕತ್ತಲೆಯಲ್ಲಿ ನಿಲ್ಲುವವನು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಹುಡುಗ. ಶ್ರೀರಾಂಪುರದ ಒಂದೇ ಕೋಣೆಯಲ್ಲಿ ನಾವಿಬ್ಬರೂ ಮೂರು ವರ್ಷದಿಂದ ಬಾಡಿಗೆ ಹಂಚಿಕೊಂಡಿದ್ದೇವೆ.

ಡಬ್ಬದಲ್ಲಿ ಇದ್ದದ್ದು ಕುಸ್ವಾರ್. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ಆ ಕಡೆ ಕ್ರಿಸ್‌ಮಸ್‌ಗೆಂದು ಮಾಡುವ ತಿಂಡಿಗಳಿಗೆಲ್ಲ ಸೇರಿ ಒಂದೇ ಹೆಸರು ಅದು. ಕರ್ಜಿಕಾಯಿಯಂಥ ನೆವ್ರಿ, ಸುರುಳಿ ಸುತ್ತಿದ ಕಿಡಿಯೊ, ಉಂಡೆ ಉಂಡೆ ಗುಳಿಯೊ, ಚಕ್ಕುಲಿ... ಮುಚ್ಚಳ ತೆಗೆದರೆ ತೆಂಗಿನಕಾಯಿ, ಏಲಕ್ಕಿ ವಾಸನೆ ಇಡೀ ರೂಮಿಗೆ ಹಬ್ಬುತ್ತದೆ.

ಆ ಹೊತ್ತಿಗೆ ನಮ್ಮ ಹುಡುಗ ರಾತ್ರಿ ಶೂಟಿಂಗ್ ಮುಗಿಸಿ ಬಂದ. ಡಬ್ಬ ನೋಡಿದ. ಮುಖ ಸಣ್ಣಗಾಯಿತು. ‘ನೀನು ತಿನ್ನು ಮಾರಾಯ. ಉಳಿದದ್ದು ಕೆಳಗಿನ ಮನೆಯ ಮಕ್ಕಳಿಗೆ ಕೊಡು’ ಅಂದವನೇ ಹೊದ್ದು ಮಲಗಿಬಿಟ್ಟ. ಹಿಂದಿನ ಎರಡು ವರ್ಷವೂ ಹೀಗೇ. 24 ಮತ್ತು 25ನೇ ತಾರೀಖು ಕೇಳಿ ಕೇಳಿ ಡಬಲ್ ಷಿಫ್ಟ್ ಹಾಕಿಸಿಕೊಳ್ಳುತ್ತಿದ್ದ. ಯೂನಿಟ್ಟಿನವರು ‘ಎಂಥಾ ದುಡಿಮೆಗಾರ!’ ಎಂದು ಹೊಗಳುತ್ತಿದ್ದರು. ಕಾರಣ ಮಾತ್ರ ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿರಲಿಲ್ಲ. ಕುಸ್ವಾರ್ ತಿಂದು ಬಾಯಿ ಒರೆಸಿಕೊಂಡದ್ದೇ ಬಂತು!

ಅದೇ ವಾರ ಒಬ್ಬ ಸಂಪಾದಕರು ನನಗೊಂದು ಕೆಲಸ ಒಪ್ಪಿಸಿದ್ದರು. ‘ಹಾಲಿವುಡ್ಡಿನ ಕ್ರಿಸ್‌ಮಸ್ ಚಿತ್ರಗಳ ಬಗ್ಗೆ ಒಂದು ಲೇಖನ ಬರೀರಿ. ಖುಷಿಖುಷಿಯಾಗಿರಲಿ, ಹಬ್ಬದ ಸಂಚಿಕೆ’ ಎಂದಿದ್ದರು. ಸರಿ, ಹುಡುಕಲು ಕೂತೆ. ಓದುಗ ಮಿತ್ರರೇ, ಅಗೆದಷ್ಟೂ ಸಿಕ್ಕಿದ್ದು ಖುಷಿಯಲ್ಲ... ಬೇರೆಯೇ ಒಂದು ಕಥೆ!

ಮುರುಕು ಕೊಂಬೆಯ ಮರ

ಆ ಕಥೆಯ ನಾಯಕ ಅರ್ವಿಂಗ್ ಬರ್ಲಿನ್. ನಟನಲ್ಲ, ಹಾಡು ಕಟ್ಟುವವನು. ಸಾಹಿತ್ಯವೂ ಅವನದೇ, ರಾಗವೂ ಅವನದೇ. ಹುಟ್ಟಿದ್ದು 1888ರಲ್ಲಿ, ಅಂದಿನ ರಷ್ಯಾ ಸಾಮ್ರಾಜ್ಯದ ಒಂದು ಬಡ ಯಹೂದಿ ಕುಟುಂಬದಲ್ಲಿ. ಐದು ವರ್ಷದ ಹುಡುಗನಾಗಿದ್ದಾಗ, 1893ರಲ್ಲಿ, ಅಪ್ಪ ಅಮ್ಮನ ಜೊತೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದ. ಅಪ್ಪ ಯಹೂದಿ ಮಂದಿರದಲ್ಲಿ ಪ್ರಾರ್ಥನೆ ಹಾಡುತ್ತಿದ್ದವರು. ಹುಡುಗನಿಗೆ ಹದಿಮೂರು ತುಂಬುವ ಹೊತ್ತಿಗೆ ಅವರು ತೀರಿಕೊಂಡರು. ಶಾಲೆಗೆ ಅಲ್ಲಿಗೇ ಶರಣು! ಬೀದಿಯಲ್ಲಿ ಪೇಪರ್ ಮಾರಿದ, ಹೋಟೆಲಿನಲ್ಲಿ ಹಾಡುವ ಮಾಣಿಯಾದ. ಗಿರಾಕಿಗಳಿಗೆ ಗ್ಲಾಸು ತಂದಿಡುತ್ತ ಹಾಡು ಹೇಳುವುದು, ಅವರು ಎಸೆದ ಚಿಲ್ಲರೆ ಆರಿಸಿಕೊಳ್ಳುವುದು. (ಪಿ.ಯು.ಸಿ. ಅರ್ಧಕ್ಕೆ ಬಿಟ್ಟ ನನ್ನಂಥವನಿಗೆ ಇಂಥ ಮಹನೀಯರ ಚರಿತ್ರೆ ಓದಿದರೆ ಎಷ್ಟು ಸಮಾಧಾನ, ನೀವೇ ಊಹಿಸಿ!)

ಯಹೂದಿಯರಿಗೆ ಕ್ರಿಸ್‌ಮಸ್ ಹಬ್ಬವಿಲ್ಲ. ಆ ಮನೆಯಲ್ಲೂ ಇರಲಿಲ್ಲ. ಆದರೆ ಎದುರು ಬದಿಯಲ್ಲಿ ಒಂದು ಐರಿಷ್ ಕುಟುಂಬವಿತ್ತು. ಡಿಸೆಂಬರ್ ಬಂತೆಂದರೆ ಈ ಪೋರ ರಸ್ತೆ ದಾಟಿ ಅವರ ಮನೆಗೆ ನುಗ್ಗುತ್ತಿದ್ದ. ಕೊಟ್ಟದ್ದನ್ನು ತಿನ್ನುತ್ತಿದ್ದ. ಮೊಟ್ಟಮೊದಲು ಕ್ರಿಸ್‌ಮಸ್ ಮರ ನೋಡಿದ್ದು ಅಲ್ಲೇ. ದೊಡ್ಡವನಾದ ಮೇಲೆ ಅವನೇ ನೆನಪಿಸಿಕೊಂಡಿದ್ದಾನೆ, ಆ ಐರಿಷ್ ಮನೆಯವರೂ ಬಡವರೇ; ಅವರಿಗೆ ಕೈಗೆಟುಕುತ್ತಿದ್ದದ್ದು ಕೊಂಬೆ ಮುರಿದ, ಕುಳ್ಳು ಮರ. ಆದರೆ ಆ ಹುಡುಗನ ಕಣ್ಣಿಗೆ ಅದು ಆಕಾಶಕ್ಕೆ ಮುಟ್ಟುವಂತೆ ಕಂಡಿತ್ತಂತೆ.

ಪಕ್ಕದ ಮನೆಯ ಹಬ್ಬ ಯಾವಾಗಲೂ ಹಾಗೆಯೇ ಅಲ್ಲವೇ? ನಾವೂ ಚಿಕ್ಕಂದಿನಲ್ಲಿ ರಂಜಾನ್ ದಿನ ಸುರ್‌ಕುಂಬಾ ಕುಡಿಯಲು ಹೋದವರೇ.

ಮುಂದೆ ಆ ಹುಡುಗ ಬೆಳೆದ. 1907ರಲ್ಲಿ ಮೊದಲ ಹಾಡು ಅಚ್ಚಾಯಿತು. ಅವನ ಪಾಲಿಗೆ ಬಂದದ್ದು ಬರೀ 37 ಸೆಂಟು! 1911ರ ಒಂದೇ ಒಂದು ಹಾಡು, ‘ಅಲೆಗ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್’, ಅವನನ್ನು ಜಗತ್ಪ್ರಸಿದ್ಧನನ್ನಾಗಿ ಮಾಡಿತು. ಸ್ವಾರಸ್ಯ ಕೇಳಿ: ಈ ಮನುಷ್ಯನಿಗೆ ಸಂಗೀತದ ಲಿಪಿ ಓದಲು ಬರುತ್ತಿರಲಿಲ್ಲ. ಪಿಯಾನೋದಲ್ಲಿ ಹೆಚ್ಚಾಗಿ ಕಪ್ಪು ಮನೆಗಳನ್ನಷ್ಟೇ ಒತ್ತುತ್ತಿದ್ದ. ಶ್ರುತಿ ಬದಲಿಸಬೇಕೆಂದರೆ ಪಿಯಾನೋಗೇ ಒಂದು ವಿಶೇಷ ಸನ್ನೆ ಇತ್ತು, ಅದನ್ನು ಎಳೆದರೆ ಆಯಿತು. ಅವನು ನುಡಿಸಿ ಹಾಡಿದ್ದನ್ನು ಬರೆದುಕೊಳ್ಳಲು ಸಹಾಯಕ ಇರುತ್ತಿದ್ದ.

ಕೀರ್ತಿ ಬಂತು, ಜೊತೆಗೇ ಪೆಟ್ಟೂ ಬಂತು. 1912ರಲ್ಲಿ ಮದುವೆಯಾದ. ಮಧುಚಂದ್ರಕ್ಕೆಂದು ಕ್ಯೂಬಾಕ್ಕೆ ಹೋದಲ್ಲಿ ಹೆಂಡತಿಗೆ ವಿಷಮಶೀತ ಜ್ವರ ಅಂಟಿತು. ಕೆಲವೇ ತಿಂಗಳಲ್ಲಿ ಆಕೆ ಕಣ್ಣು ಮುಚ್ಚಿದಳು. ಹದಿನಾಲ್ಕು ವರ್ಷ ಒಂಟಿಯಾಗಿದ್ದ. ಆಮೇಲೆ, 1926ರ ಜನವರಿಯಲ್ಲಿ, ಎಲಿನ್ ಮೆಕೇ ಎಂಬಾಕೆಯ ಕೈ ಹಿಡಿದ. ಆಕೆ ಕ್ಯಾಥೊಲಿಕ್, ಭಾರೀ ಶ್ರೀಮಂತನ ಮಗಳು. ‘ಬೀದಿ ಹಾಡುಗಾರ ಯಹೂದಿಗೆ ನನ್ನ ಮಗಳೇ?’ ಎಂದು ಮಾವ ಕೆಂಡಾಮಂಡಲ! ನಮ್ಮ ಚಿತ್ರಗಳ ಶ್ರೀಮಂತ ಮಾವಂದಿರನ್ನು ಮೀರಿಸುವ ಖಳನಾಯಕ. ಮದುವೆ ಸುದ್ದಿ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಮಾವ ವರ್ಷಗಟ್ಟಲೆ ಮಗಳ ಜೊತೆ ಮಾತು ಬಿಟ್ಟ.

1928, ಡಿಸೆಂಬರ್ 25

ಮದುವೆಯಾದ ವರ್ಷವೇ ಹೆಣ್ಣು ಮಗು ಹುಟ್ಟಿತು. 1928ರ ಡಿಸೆಂಬರ್ 1ರಂದು ಗಂಡು ಮಗು. ಅಪ್ಪನ ಹೆಸರನ್ನೇ ಇಟ್ಟರು, ಅರ್ವಿಂಗ್ ಬರ್ಲಿನ್ ಜೂನಿಯರ್.

ಮಗುವಿಗೆ ಇನ್ನೂ ನಾಲ್ಕು ವಾರ ತುಂಬಿರಲಿಲ್ಲ. ಡಿಸೆಂಬರ್ 25. ಊರೆಲ್ಲ ದೀಪ, ಊರೆಲ್ಲ ಘಂಟಾನಾದ. ಆ ಮನೆಯಲ್ಲಿ ಮಗು ಸತ್ತುಹೋಗಿತ್ತು.

ಇದರ ಮೇಲೆ ಒಗ್ಗರಣೆ ಹಾಕುವುದು ಬೇಡ. ಸುಮ್ಮನೆ ಇನ್ನೊಂದು ಸಲ ಆ ತಾರೀಖು ಓದಿಕೊಳ್ಳಿ.

ಮುಂದೆ ಇನ್ನೂ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಮೂರೂ ಮಕ್ಕಳಿಗೆ ಪ್ರತಿ ವರ್ಷ ಭರ್ಜರಿ ಕ್ರಿಸ್‌ಮಸ್! ದೊಡ್ಡ ಮರ, ರಾಶಿ ಉಡುಗೊರೆ, ಊಟ. ಮಕ್ಕಳಿಗೆ ಅಪ್ಪ ಅಮ್ಮನಿಗಿಂತ ದೊಡ್ಡ ಹಬ್ಬಪ್ರಿಯರು ಯಾರೂ ಇಲ್ಲ ಅನಿಸಿರಬೇಕು. ಮಕ್ಕಳು ಬೆಳೆದು ಮನೆ ಬಿಟ್ಟ ಮೇಲೆ ಆ ಮನೆಯಲ್ಲಿ ಹಬ್ಬ ಕ್ರಮೇಣ ನಿಂತೇ ಹೋಯಿತು. ಯಾಕೆಂದು ಹಿರಿಯ ಮಗಳು ಮೇರಿ ಎಲಿನ್ 1994ರಲ್ಲಿ ಪ್ರಕಟವಾದ ತನ್ನ ನೆನಪಿನ ಪುಸ್ತಕದಲ್ಲಿ ಬರೆದಿದ್ದಾಳೆ. ಬಹಳ ವರ್ಷಗಳ ಮೇಲೆ ತಾಯಿ ಯಾವುದೋ ಮಾತಿನ ನಡುವೆ, ಏನೂ ದೊಡ್ಡ ವಿಷಯವಲ್ಲವೆಂಬಂತೆ ಅಂದಳಂತೆ: ನಮಗಿಬ್ಬರಿಗೂ ಕ್ರಿಸ್‌ಮಸ್ ಎಂದರೆ ಆಗುತ್ತಿರಲಿಲ್ಲ, ಮಾಡುತ್ತಿದ್ದದ್ದು ಮಕ್ಕಳಿಗೋಸ್ಕರ ಅಷ್ಟೇ, ಅಂತ.

ಇಷ್ಟೂ ಹೊತ್ತು ಇವನ ಬಗ್ಗೆ ಯಾಕೆ ಹೇಳುತ್ತಿದ್ದೇನೆ ಗೊತ್ತೇ? ಇಡೀ ಭೂಮಿಯ ಮೇಲೆ ಅತಿ ಹೆಚ್ಚು ರೆಕಾರ್ಡ್ ಮಾರಾಟವಾದ ಕ್ರಿಸ್‌ಮಸ್ ಹಾಡು ಬರೆದವನು ಇವನೇ! ‘ವೈಟ್ ಕ್ರಿಸ್‌ಮಸ್’. ಬಿಂಗ್ ಕ್ರಾಸ್ಬಿ ಹಾಡಿದ ಆ ರೆಕಾರ್ಡು 5 ಕೋಟಿಗೂ ಮೇಲೆ ಖರ್ಚಾಗಿದೆಯೆಂಬ ಅಂದಾಜಿದೆ. ಒಂದೇ ಹಾಡಿನ ರೆಕಾರ್ಡುಗಳಲ್ಲಿ ಅದೇ ಇವತ್ತಿಗೂ ಮೊದಲನೆಯದು.

ಆ ಹಾಡನ್ನು ಕೇಳಿದವರಿಗೆ ಗೊತ್ತು. ಅದರಲ್ಲಿ ಕುಣಿತವಿಲ್ಲ. ಅದು ಹಬ್ಬ ಮಾಡುತ್ತಿರುವವನ ಹಾಡಲ್ಲ. ಎಲ್ಲೋ ದೂರದಲ್ಲಿ ಕುಳಿತು, ಹಿಂದಿನ ಹಬ್ಬವನ್ನು ನೆನೆಯುವವನ ಹಾಡು. ಮೊದಲು ಬರೆದಾಗ ಅದಕ್ಕೊಂದು ಪೀಠಿಕೆಯ ಚರಣವೂ ಇತ್ತು. ಹಿಮವೇ ಬೀಳದ, ಬಿಸಿಲು ಕಾಯುವ, ತಾಳೆ ಮರಗಳ ಬೆವರ್ಲಿ ಹಿಲ್ಸ್‌ನಲ್ಲಿ ಕುಳಿತವನೊಬ್ಬ ಉತ್ತರದ ಹಿಮಕ್ಕೆ ಹಂಬಲಿಸುವ ಚರಣ. ಕ್ರಾಸ್ಬಿಯ ರೆಕಾರ್ಡಿನಲ್ಲಿ ಅದಿಲ್ಲ. ಮಗುವಿನ ಸಾವಿಗೂ ಈ ಹಾಡಿಗೂ ನಂಟು ಕಟ್ಟುವವರಿದ್ದಾರೆ. ನಾನು ಕಟ್ಟುವುದಿಲ್ಲ. ಆದರೆ ಆ ಹಾಡಿನ ಅಡಿಯಲ್ಲಿ ಏನೋ ಒಂದು ಭಾರ ಇದೆ ಎಂಬುದಕ್ಕೆ ಇಂಗ್ಲಿಷ್ ಬರಬೇಕಾಗಿಲ್ಲ, ಕಿವಿ ಇದ್ದರೆ ಸಾಕು.

ಯುದ್ಧಕ್ಕೆ ಹೋದ ಹಾಡು

1941ರ ಡಿಸೆಂಬರ್ 7. ಜಪಾನೀ ವಿಮಾನಗಳು ಪರ್ಲ್ ಹಾರ್ಬರ್ ಮೇಲೆ ಬಾಂಬು ಸುರಿದವು. ಅಮೆರಿಕ ಯುದ್ಧಕ್ಕಿಳಿಯಿತು. ಅದಾದ ಹದಿನೆಂಟನೇ ದಿನ, ಕ್ರಿಸ್‌ಮಸ್ ದಿನ, ಕ್ರಾಸ್ಬಿ ರೇಡಿಯೋದಲ್ಲಿ ಮೊದಲ ಬಾರಿಗೆ ಈ ಹಾಡು ಹಾಡಿದ. 1942ರ ಆಗಸ್ಟಿನಲ್ಲಿ ‘ಹಾಲಿಡೇ ಇನ್’ ತೆರೆಕಂಡಿತು. ಕ್ರಾಸ್ಬಿ ಮತ್ತು ನೃತ್ಯಪಟು ಫ್ರೆಡ್ ಆಸ್ಟೇರ್ ಜೋಡಿ. ಹಬ್ಬದ ದಿನಗಳಲ್ಲಿ ಮಾತ್ರ ಬಾಗಿಲು ತೆರೆಯುವ ಒಂದು ಹೋಟೆಲಿನ ಕಥೆ. ಆ ಚಿತ್ರದ ಮೂಲಕ ಹಾಡು ಮನೆಮನೆ ಹೊಕ್ಕಿತು.

ಮನೆಗಿಂತ ಹೆಚ್ಚಾಗಿ ಹೊಕ್ಕಿದ್ದು ಸೈನಿಕರ ಡೇರೆಗಳನ್ನು. ಪೆಸಿಫಿಕ್ ದ್ವೀಪಗಳ ಸೆಕೆಯಲ್ಲಿ, ಸೊಳ್ಳೆ ಹೊಡೆಯುತ್ತ ಕುಳಿತ ಇಪ್ಪತ್ತು ವರ್ಷದ ಹುಡುಗರು ಸೇನೆಯ ರೇಡಿಯೋಗೆ ಬರೆದು ಬರೆದು ಅದೇ ಹಾಡು ಕೇಳಿದರು. ಕ್ರಾಸ್ಬಿ ಯುದ್ಧಭೂಮಿಗೆ ಹೋಗಿ ಸೈನಿಕರ ಮುಂದೆ ಹಾಡುತ್ತಿದ್ದ. ಆಗ ಅವನಿಗೆ ಒಂದು ಸಂಕಟ. ಈ ಹಾಡು ಎತ್ತಿದರೆ ಹುಡುಗರ ಮುಖ ಬಾಡುತ್ತಿತ್ತು. ಇವರನ್ನು ಅಳಿಸಲು ಇಷ್ಟು ದೂರ ಬಂದೆನೇ ಎಂದುಕೊಂಡು ಹಲವು ಸಲ ಅದನ್ನು ಕಾರ್ಯಕ್ರಮದಿಂದ ಕೈಬಿಡಲು ನೋಡಿದನಂತೆ. ಹುಡುಗರು ಬಿಡಬೇಕಲ್ಲ! ಕೂಗಿ ಕೂಗಿ ಅದನ್ನೇ ಹಾಡಿಸುತ್ತಿದ್ದರು.

ನೋಡಿದಿರಾ ಸ್ವಾಮಿ ಮನಸ್ಸಿನ ಆಟ? ನೋಯುತ್ತದೆ ಅಂತ ಗೊತ್ತಿದ್ದೂ ಬೇಕು!

1943ರ ಮಾರ್ಚಿನಲ್ಲಿ ಆಸ್ಕರ್ ಸಮಾರಂಭ. ಶ್ರೇಷ್ಠ ಗೀತೆಯ ಪ್ರಶಸ್ತಿ ಪ್ರದಾನ ಮಾಡಲು ವೇದಿಕೆ ಹತ್ತಿದವನು ಸ್ವತಃ ಬರ್ಲಿನ್. ಲಕೋಟೆ ಒಡೆದು ನೋಡುತ್ತಾನೆ, ಒಳಗೆ ಅವನದೇ ಹೆಸರು! ತನಗೆ ತಾನೇ ಪ್ರಶಸ್ತಿ ಕೊಟ್ಟುಕೊಂಡು ಕೆಳಗಿಳಿದ. ರೆಕಾರ್ಡಿನ ಮೂಲ ಅಚ್ಚು ಒತ್ತಿ ಒತ್ತಿ ಸವೆದು, 1947ರಲ್ಲಿ ಕ್ರಾಸ್ಬಿ ಅದೇ ಹಾಡನ್ನು ಇನ್ನೊಮ್ಮೆ ಹಾಡಬೇಕಾಯಿತು.

1954ರಲ್ಲಿ ಹಾಡಿನ ಹೆಸರಿನಲ್ಲೇ ಚಿತ್ರ ಬಂತು, ‘ವೈಟ್ ಕ್ರಿಸ್‌ಮಸ್’. ಕ್ರಾಸ್ಬಿ, ಡ್ಯಾನಿ ಕೇ, ರೋಸ್‌ಮರಿ ಕ್ಲೂನಿ, ವೆರಾ ಎಲೆನ್. ವಿಸ್ಟಾವಿಷನ್ ಎಂಬ ವಿಶಾಲ ತೆರೆಯ ತಂತ್ರದಲ್ಲಿ ತಯಾರಾದ ಮೊದಲ ಚಿತ್ರ. ಆ ವರ್ಷದ ಗಲ್ಲಾಪೆಟ್ಟಿಗೆಯ ರಾಜ. ಇಲ್ಲೊಂದು ವಿಶೇಷ ಗಮನಿಸಿ: ಹಾಡು ಬರೆದವನು ಯಹೂದಿ. ನಿರ್ದೇಶಕ ಮೈಕೆಲ್ ಕರ್ಟಿಜ್ ಹಂಗೆರಿಯಿಂದ ಬಂದ ಯಹೂದಿ. ಎರಡನೇ ನಾಯಕ ಡ್ಯಾನಿ ಕೇ ಕೂಡ ಯಹೂದಿ ಮನೆತನದವನು. ಅಮೆರಿಕದ ಮನೆಮನೆಯ ಕ್ರಿಸ್‌ಮಸ್ ಚಿತ್ರ ತಯಾರಿಸಿದವರಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ಆ ಹಬ್ಬವೇ ಇರಲಿಲ್ಲ! ಆಶ್ಚರ್ಯಪಡಬೇಡಿ. ನಮ್ಮ ಮೈಸೂರು ದಸರೆಯನ್ನೇ 2017ರಲ್ಲಿ ಉದ್ಘಾಟಿಸಿದವರು ‘ನಿತ್ಯೋತ್ಸವ’ದ ಕವಿ ಕೆ.ಎಸ್. ನಿಸಾರ್ ಅಹಮದ್ ಅಲ್ಲವೇ? ಹಬ್ಬ ಯಾರದಾದರೂ ಇರಲಿ, ಹಾಡು ಹುಟ್ಟುವುದು ಎದೆಯಲ್ಲಿ.

ಇನ್ನೊಂದು ಸಂಗತಿ. 1975ರ ಏಪ್ರಿಲ್ 29. ವಿಯೆಟ್ನಾಮಿನ ಸೈಗಾನ್ ನಗರ ಕೈಬಿಟ್ಟು ಅಮೆರಿಕನ್ನರು ಓಡಬೇಕಾದ ದಿನ. ‘ಹೊರಡಿ’ ಎನ್ನುವುದಕ್ಕೆ ರೇಡಿಯೋದಲ್ಲಿ ಗುಟ್ಟಿನ ಸಂಕೇತವಾಗಿ ಬಂದದ್ದು ಯಾವ ಹಾಡು? ಅದೇ ‘ವೈಟ್ ಕ್ರಿಸ್‌ಮಸ್’. ಉರಿಬಿಸಿಲಿನ ಏಪ್ರಿಲಿನಲ್ಲಿ!

ಅಳುವ ಹಾಡು ಬೇಡವೆಂದ ತಾರೆ

ಸಂಪಾದಕರ ಖುಷಿಯ ಲೇಖನ ನನ್ನ ಕೈಯಲ್ಲಿ ಹೀಗೆ ದಾರಿ ತಪ್ಪುತ್ತಾ ಹೋಯಿತು. ಇನ್ನೊಂದು ಚಿತ್ರ ಹಿಡಿದೆ. 1944ರ ‘ಮೀಟ್ ಮಿ ಇನ್ ಸೇಂಟ್ ಲೂಯಿಸ್’. ನಾಯಕಿ ಜೂಡಿ ಗಾರ್ಲೆಂಡ್. ಅಪ್ಪನಿಗೆ ನ್ಯೂಯಾರ್ಕಿಗೆ ವರ್ಗವಾಗುವಂತಿದೆ. ಹುಟ್ಟೂರು ಬಿಡಬೇಕಲ್ಲ ಎಂದು ಪುಟ್ಟ ತಂಗಿ ಅಳುತ್ತಿದ್ದಾಳೆ. ಕ್ರಿಸ್‌ಮಸ್ ಹಿಂದಿನ ರಾತ್ರಿ. ಅಕ್ಕ ಸಮಾಧಾನಕ್ಕೆ ಒಂದು ಹಾಡು ಹೇಳಬೇಕು. ಹ್ಯೂ ಮಾರ್ಟಿನ್ ಬರೆದುಕೊಟ್ಟ ಮೊದಲ ಸಾಹಿತ್ಯ ಎಷ್ಟು ಕತ್ತಲೆಯದಾಗಿತ್ತೆಂದರೆ, ಜೂಡಿ ಹಾಡಲಾರೆ ಎಂದಳು. ಅಳುವ ಮಗುವಿನ ಮುಂದೆ ಇದನ್ನು ಹಾಡಿದರೆ ಜನ ನನ್ನನ್ನು ರಾಕ್ಷಸಿ ಅಂದುಕೊಳ್ಳುತ್ತಾರೆ ಎಂಬುದು ಅವಳ ತಕರಾರು. ಕವಿ ಮೊದಲು ಬಗ್ಗಲಿಲ್ಲ, ಆಮೇಲೆ ಬದಲಾಯಿಸಿದ. 1957ರಲ್ಲಿ ಫ್ರಾಂಕ್ ಸಿನಾಟ್ರಾ ತನ್ನ ಕ್ರಿಸ್‌ಮಸ್ ಎಲ್.ಪಿ.ಗೆ ಅದೇ ಹಾಡು ಆರಿಸಿಕೊಂಡು, ಇನ್ನಷ್ಟು ಗೆಲುವಾಗಿ ಮಾಡಿಕೊಡಿ ಎಂದ. ಮತ್ತೊಂದು ಸಾಲು ಬದಲಾಯಿತು. ಅಂತೂ ಒಂದು ದುಃಖದ ಹಾಡು ಮೆಟ್ಟಿಲು ಮೆಟ್ಟಿಲಾಗಿ ಹಬ್ಬದ ಹಾಡಾಯಿತು! ಆದರೆ ಚಿತ್ರದಲ್ಲಿ ಜೂಡಿಯ ಮುಖ ನೋಡಿ. ಮಾತು ಸಮಾಧಾನ ಹೇಳುತ್ತದೆ, ಕಣ್ಣು ಹೇಳುವುದೇ ಬೇರೆ.

ಇನ್ನು 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’. ನಿರ್ದೇಶನ ಫ್ರಾಂಕ್ ಕಾಪ್ರಾ. ನಾಯಕ ಜೇಮ್ಸ್ ಸ್ಟೀವರ್ಟ್, ಯುದ್ಧದಲ್ಲಿ ನಿಜವಾಗಿ ಬಾಂಬರ್ ವಿಮಾನ ಹಾರಿಸಿ ಆಗಷ್ಟೇ ವಾಪಸಾದವನು. ಕಥೆ ಏನು? ಕ್ರಿಸ್‌ಮಸ್ ಹಿಂದಿನ ರಾತ್ರಿ ಊರೆಲ್ಲ ಸಂಭ್ರಮದಲ್ಲಿರುವಾಗ, ಸಾಲದಲ್ಲಿ ಸಿಕ್ಕಿಬಿದ್ದ ಒಬ್ಬ ಸಂಸಾರಿ ಸೇತುವೆಯ ಮೇಲೆ ನಿಂತು ಹೊಳೆಗೆ ಹಾರಲು ಹೊರಟಿರುತ್ತಾನೆ. ಚಿತ್ರೀಕರಣ ನಡೆದದ್ದು ಕ್ಯಾಲಿಫೋರ್ನಿಯಾದ ಬೇಸಿಗೆಯಲ್ಲಿ. ಅಲ್ಲಿಯವರೆಗೆ ಹಿಮವೆಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಉದುರಿಸುತ್ತಿದ್ದರು. ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದು! ಈ ಚಿತ್ರಕ್ಕೆ ಬೆಂಕಿ ಆರಿಸುವ ನೊರೆಗೆ ಸೋಪು, ನೀರು ಬೆರೆಸಿ ಸದ್ದಿಲ್ಲದ ಹಿಮ ತಯಾರಿಸಿದರು. ಅದಕ್ಕೆ ತಾಂತ್ರಿಕ ಪ್ರಶಸ್ತಿಯೂ ಬಂತು. ಚಿತ್ರಕ್ಕೆ ಮಾತ್ರ ಹಾಕಿದ ದುಡ್ಡು ಬರಲಿಲ್ಲ. 1974ರಲ್ಲಿ ಯಾರೋ ಹಕ್ಕುಸ್ವಾಮ್ಯ ನವೀಕರಿಸಲು ಮರೆತರು, ಟಿ.ವಿ.ಯವರು ಪುಕ್ಕಟೆ ಸಿಕ್ಕಿತೆಂದು ಪ್ರತಿ ಡಿಸೆಂಬರಿನಲ್ಲೂ ಹಾಕಿದರು. ಸೋತ ಚಿತ್ರ ಹೀಗೆ ಅಮೆರಿಕದ ಹಬ್ಬದ ಚಿತ್ರವಾಯಿತು. ಇದು ಕ್ರಿಸ್‌ಮಸ್ ಚಿತ್ರ ಎಂದು ಕಥೆ ಕೈಗೆತ್ತಿಕೊಂಡಾಗ ತನಗೆ ಅನಿಸಿಯೇ ಇರಲಿಲ್ಲವೆಂದು ಕಾಪ್ರಾ ಹೇಳಿದ್ದಾನೆ.

ಒಂದು ಕಿತ್ತಳೆ ಹಣ್ಣು

ಚಾರ್ಲಿ ಚಾಪ್ಲಿನ್ ಹೆಸರು ಹೇಳದೆ ಈ ಲೇಖನ ಮುಗಿಸುವುದು ಹೇಗೆ? ಏಳು ವರ್ಷದವನಾಗಿದ್ದಾಗಲೇ ಲಂಡನ್ನಿನ ಬಡವರ ಆಶ್ರಯಗೃಹ, ಆಮೇಲೆ ಅನಾಥ ಮಕ್ಕಳ ಶಾಲೆ ಕಂಡವನು. ದೊಡ್ಡವನಾಗಿ, ಜಗತ್ತಿನ ಶ್ರೀಮಂತ ನಟರಲ್ಲೊಬ್ಬನಾಗಿ, ಸ್ವಿಟ್ಜರ್ಲೆಂಡಿನ ದೊಡ್ಡ ಬಂಗಲೆಯಲ್ಲಿ ಊನಾ ಮತ್ತು ಎಂಟು ಮಕ್ಕಳೊಡನೆ ಇದ್ದಾಗಲೂ, ಕ್ರಿಸ್‌ಮಸ್ ಬಂತೆಂದರೆ ಈತನ ಮುಖ ಮಂಕಾಗುತ್ತಿತ್ತಂತೆ. ಮಕ್ಕಳು ಹೇಳಿಕೊಂಡಿರುವ ಮಾತು ಇದು. ಮರದ ಕೆಳಗೆ ಉಡುಗೊರೆಯ ರಾಶಿ ನೋಡಿ, ನನ್ನ ಕಾಲದಲ್ಲಿ ಕ್ರಿಸ್‌ಮಸ್ ಅಂದರೆ ಒಂದು ಕಿತ್ತಳೆ ಹಣ್ಣು ಎನ್ನುತ್ತಿದ್ದನಂತೆ. ಇಡೀ ಜಗತ್ತನ್ನು ನಗಿಸಿದ ಚಾರ್ಲಿಯ ಉಸಿರು ನಿಂತದ್ದು ಯಾವ ದಿನ? 1977ರ ಡಿಸೆಂಬರ್ 25, ಬೆಳಗಿನ ಜಾವ. ಮನೆಯವರೆಲ್ಲ ಹಬ್ಬಕ್ಕೆಂದು ಸೇರಿದ್ದರು.

ಡಬ್ಬದ ಕಥೆ

ಇಷ್ಟನ್ನೂ ಬರೆದು, ಹಾಳೆ ಜೋಡಿಸಿಕೊಂಡು ರೂಮಿನಲ್ಲಿ ಕುಳಿತಿದ್ದೆ. ನಮ್ಮ ಲೈಟ್‌ಮನ್ ಎದ್ದು ಟೀ ಕಾಸುತ್ತಿದ್ದ. ‘ಎಂತ ಬರೀತಾ ಇದ್ದಿ?’ ಎಂದ. ಓದಿ ಹೇಳಿದೆ. ಬರ್ಲಿನ್ ಹೆಂಡತಿಯ ಮಾತು ಬಂದಾಗ ಅವನು ಸ್ಟೌವ್ ಆರಿಸಿಬಿಟ್ಟ.

‘ಇನ್ನೊಮ್ಮೆ ಓದು ಮಾರಾಯ.’

ಓದಿದೆ. ಮಕ್ಕಳಿಗೋಸ್ಕರ ಅಷ್ಟೇ.

ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಶುರು ಮಾಡಿದ. ಅವನ ಅಪ್ಪ ಪ್ರತಿ ಡಿಸೆಂಬರಿನಲ್ಲೂ ಮನೆಯಂಗಳದಲ್ಲಿ ಗೋದಲಿ ಕಟ್ಟುತ್ತಿದ್ದರಂತೆ. ಬೈಹುಲ್ಲಿನ ಮಾಡು, ಮಣ್ಣಿನ ಗುಡ್ಡ, ಹಾವಸೆಯ ಹುಲ್ಲುಗಾವಲು, ಬಾಲಯೇಸು, ಕುರಿಗಳು. ಬಲ್ಬು ಸಿಕ್ಕಿಸುವ ಕೆಲಸ ಮಗನದು. ‘ನಾನು ಲೈಟಿನ ಕೆಲಸ ಕಲಿತದ್ದೇ ಅಲ್ಲಿ’ ಎಂದ. ಆ ಅಪ್ಪ ಒಂದು ಡಿಸೆಂಬರ್ 23ರ ಸಂಜೆ ಎದೆ ಹಿಡಿದುಕೊಂಡು ಕುಳಿತವರು ಏಳಲೇ ಇಲ್ಲ. 24ರ ಮಧ್ಯಾಹ್ನ ಮಣ್ಣು. ಅದೇ ರಾತ್ರಿ ಅದೇ ಇಗರ್ಜಿಯಲ್ಲಿ ಹಬ್ಬದ ಘಂಟೆ. ಅಂಗಳದಲ್ಲಿ ಅರ್ಧ ಕಟ್ಟಿದ ಗೋದಲಿ.

‘ಅಮ್ಮ ಅದರ ಮರು ವರ್ಷವೇ ಕುಸ್ವಾರ್ ಮಾಡಲಿಕ್ಕೆ ಕೂತಳು. ನನಗೆ ಸಿಟ್ಟು ಬಂತು. ಇವಳಿಗೆ ಇಷ್ಟು ಬೇಗ ಮರೆತುಹೋಯಿತಾ ಅಂತ. ಬಾಯಿಬಿಟ್ಟು ಹೇಳಲಿಲ್ಲ. ಹಬ್ಬಕ್ಕೆ ಹೋಗುವುದನ್ನೇ ಬಿಟ್ಟೆ.’

ನಾನು ಏನು ಹೇಳಲಿ? ಅವನೇ ಫೋನು ತೆಗೆದ. ಅಮ್ಮನ ಜೊತೆ ಕೊಂಕಣಿಯಲ್ಲಿ ಮಾತು. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಧ್ವನಿ ಏರಿದ್ದು, ಇಳಿದದ್ದು, ನಡುವೆ ಬಿದ್ದ ಮೌನ ತಿಳಿಯಿತು. ಫೋನಿಟ್ಟು ಗೋಡೆ ಕಡೆ ತಿರುಗಿ ಹೇಳಿದ: ‘ಯಾಕೆ ಇಷ್ಟೆಲ್ಲ ಮಾಡ್ತಿ ಅಂತ ಕೇಳಿದೆ. ನನಗೆಲ್ಲಿ ಬೇಕು, ಅಡುಗೆಮನೆಗೆ ಹೋದರೆ ಕಣ್ಣಲ್ಲಿ ನೀರು ಬರ್ತದೆ, ನಿನಗೆ ಮತ್ತೆ ತಂಗಿಗೆ ಬೇಸರ ಆಗಬಾರದು ಅಂತ ಮಾಡಿದ್ದು ಅಂದಳು.’

ನೋಡಿ! ಮಗ ಊರಿಗೆ ಹೋಗದೆ ಇಲ್ಲಿ ಬೇಯುತ್ತಿದ್ದಾನೆ. ಅಮ್ಮ ಅಳುತ್ತ ಅಲ್ಲಿ ಕರಿಯುತ್ತಿದ್ದಾಳೆ. ಇಬ್ಬರಿಗೂ ಬೇಡದ ಹಬ್ಬ, ಇಬ್ಬರ ನಡುವೆ ಗೋಡೆಯ ಹಾಗೆ ನಿಂತಿತ್ತು. ಹೇಳಿಕೊಳ್ಳುವುದಕ್ಕೆ ಮೂರು ವರ್ಷ ಹಿಡಿಯಿತು.

23ರ ರಾತ್ರಿ ಬಸ್ಸಿಗೆ ಅವನನ್ನು ಹತ್ತಿಸಿ ಬಂದೆ. ಡಬಲ್ ಷಿಫ್ಟ್ ಬೇರೆಯವನ ಪಾಲಾಯಿತು.

ಸಿನಿಮಾ ಆಗಿದ್ದರೆ ಈಗ ನೀವು ಕ್ಲೈಮ್ಯಾಕ್ಸ್ ನಿರೀಕ್ಷಿಸುತ್ತಿದ್ದಿರಿ. ದೀಪಗಳು, ಕೋರಸ್, ಅಮ್ಮ-ಮಗನ ಆಲಿಂಗನ, ಶುಭಂ! ಹಾಗೇನೂ ಆಗಲಿಲ್ಲ. 27ರಂದು ವಾಪಸು ಬಂದ. ‘ಏನು ಮಾಡಿದಿರೋ ಹಬ್ಬಕ್ಕೆ?’ ಎಂದೆ.

‘ಹೆಚ್ಚು ಏನಿಲ್ಲ. ಅಮ್ಮನಿಗೆ ಬೇಡ ಇತ್ತು, ಅವಳು ರಾತ್ರಿ ಪೂಜೆಗೆ ಬರಲಿಲ್ಲ, ಮಲಗಿದಳು. ನಾವು ಒತ್ತಾಯ ಮಾಡಲಿಲ್ಲ. ತಂಗಿಗೆ ನಕ್ಷತ್ರ ಬೇಕಿತ್ತು, ಕಟ್ಟಿಕೊಟ್ಟೆ. ನಾನು ಗೋದಲಿ ಕಟ್ಟಿದೆ, ಮಾಡು ಸ್ವಲ್ಪ ವಾಲಿತು. ಬೆಳಿಗ್ಗೆ ಮೂರೂ ಜನ ಅಪ್ಪನ ಸಮಾಧಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದೆವು. ಮಧ್ಯಾಹ್ನ ಗಂಜಿ, ಮೀನು ಸಾರು. ಅಷ್ಟೇ.’ ಸ್ವಲ್ಪ ತಡೆದು ಅಂದ, ‘ಒಳ್ಳೇದಿತ್ತು ಮಾರಾಯ.’

ಆಮೇಲೆ ಡಬ್ಬದ ತಳದಲ್ಲಿ ಉಳಿದಿದ್ದ ಒಂದು ಕಿಡಿಯೊ ತೆಗೆದು ಬಾಯಿಗೆ ಹಾಕಿಕೊಂಡ. ಮೆತ್ತಗಾಗಿತ್ತು. ಆದರೂ ತಿಂದ.

ಅಭಿಮಾನಿ ಮಿತ್ರರೇ, ಅರ್ವಿಂಗ್ ಬರ್ಲಿನ್ ನೂರೊಂದು ವರ್ಷ ಬದುಕಿ 1989ರ ಸೆಪ್ಟೆಂಬರ್ 22ರಂದು ತೀರಿಕೊಂಡ. ಹೆಂಡತಿ ಅದರ ಹಿಂದಿನ ವರ್ಷವೇ ಹೋಗಿದ್ದಳು. ಅರವತ್ತೆರಡು ವರ್ಷದ ದಾಂಪತ್ಯ. ಕೊನೆಯ ವರ್ಷಗಳಲ್ಲಿ ಆತ ಹೊರಗೆ ಬರುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ. ಕ್ರಿಸ್‌ಮಸ್ ಹಿಂದಿನ ರಾತ್ರಿ ಹಾಡುಗಾರರ ಒಂದು ಗುಂಪು ನ್ಯೂಯಾರ್ಕಿನ ಅವನ ಮನೆಯ ಕೆಳಗೆ ಚಳಿಯಲ್ಲಿ ನಿಂತು ಅವನದೇ ಹಾಡು ಹಾಡಿ ಹೋಗುತ್ತಿತ್ತು. ಎಂಬತ್ತರ ದಶಕದ ಒಂದು ವರ್ಷ ಬಾಗಿಲು ತೆರೆಯಿತು. ಮುದುಕ ಅವರನ್ನು ಒಳಗೆ ಕರೆದು ಧನ್ಯವಾದ ಹೇಳಿದ.

ಅವರು ಬಾಗಿಲು ಬಡಿದಿರಲಿಲ್ಲ. ‘ಹಬ್ಬದ ದಿನ ಹೀಗಾ ಕೂತಿರೋದು? ಏಳಿ, ಕುಣೀರಿ’ ಅನ್ನಲಿಲ್ಲ. ಕೆಳಗೆ ನಿಂತು ಹಾಡಿದರು, ಅಷ್ಟೇ. ತೆರೆಯುವುದು, ಬಿಡುವುದು ಅವನಿಗೆ ಬಿಟ್ಟದ್ದು.

ನಿಮ್ಮ ಗೆಳೆಯರ ಗುಂಪಿನಲ್ಲೂ ಒಬ್ಬನಿರುತ್ತಾನೆ. ಕ್ರಿಸ್‌ಮಸ್ಸೋ, ಯುಗಾದಿಯೋ, ರಂಜಾನೋ... ಎಲ್ಲರೂ ಪಟಾಕಿ ಹೊಡೆಯುವಾಗ, ಮೊದಲ ಷೋಗೆ ಹೊರಟಾಗ, ‘ನೀವು ಹೋಗಿ, ನನಗೆ ಕೆಲಸ ಇದೆ’ ಅನ್ನುವವನು. ಅವನನ್ನು ಎಳೆದಾಡಬೇಡಿ, ಗೇಲಿ ಮಾಡಬೇಡಿ. ಪಕ್ಕದಲ್ಲಿ ಕೂತು ಒಂದು ಟೀ ಕುಡಿಯಿರಿ. ಕೇಳಬೇಕೆನಿಸಿದರೆ ಮೆಲ್ಲಗೆ ಕೇಳಿ. ನಾನು ಕೇಳದೆ ಎರಡು ವರ್ಷ ಕುಸ್ವಾರ್ ತಿಂದೆ. ನೀವು ಹಾಗೆ ಮಾಡಬೇಡಿ.

ಅಂದ ಹಾಗೆ, ಸಂಪಾದಕರು ನನ್ನ ಆ ಲೇಖನ ತಿರಸ್ಕರಿಸಿದರು. ‘ಖುಷಿ ಎಲ್ಲಿದೆಯಪ್ಪ ಇದರಲ್ಲಿ?’ ಎಂದರು. ಅವರ ಮಾತೂ ಸರಿಯೇ. ಹಬ್ಬದ ಸಂಚಿಕೆಗೆ ಖುಷಿ ಬೇಕು. ಈ ಪತ್ರಿಕೆಯವರು ಧೈರ್ಯ ಮಾಡಿದ್ದಾರೆ.

ಈ ವರ್ಷದ ಡಬ್ಬ ಇನ್ನೂ ಬಂದಿಲ್ಲ. ಬರುವುದೂ ಇಲ್ಲವಂತೆ. ‘ಅಮ್ಮ ಈ ಸಲ ಬರೀ ನೆವ್ರಿ ಮಾಡ್ತಾಳಂತೆ, ಮನೆಗೆ ಬಂದು ತಿನ್ನು ಅಂದಿದ್ದಾಳೆ. ನಿನ್ನನ್ನೂ ಕರೆದುಕೊಂಡು ಬಾ ಅಂದಳು’ ಎಂದ ನಮ್ಮ ಲೈಟ್‌ಮನ್. ಎರಡು ಟಿಕೆಟ್ ಮಾಡಿಸಿದ್ದೇವೆ. ಕಿಟಕಿ ಪಕ್ಕದ ಸೀಟು ಯಾರಿಗೆ ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ!